ಸಾಫ್ಟ್‌ವೇರ್ ಸಂಸ್ಥೆಯ ಯಕ್ಷಪ್ರಶ್ನೆ

ಉದ್ಯೋಗಕ್ಕಾಗಿ ನಡೆಯುವ ಸಂದರ್ಶನವೆಂಬುದು ಎರಡು ಕಡೆಯವರೂ ತಮ್ಮ ನಿಜರೂಪವನ್ನು ಅಷ್ಟಿಷ್ಟು ಮರೆಮಾಡಿಕೊಂಡು ಭೇಟಿಯಾಗುವ ವಿಚಿತ್ರ ಸಮಾರಂಭ. ನಮ್ಮ ಹೆಣ್ಣು ನೋಡುವ ಶಾಸ್ತ್ರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಡುಗಿಗೆ ಹಾಡು ಬರುತ್ತದೆಯೇ ಎಂದು ತಪ್ಪದೆ ವಿಚಾರಿಸುತ್ತಿದ್ದರು. ಮದುವೆಯಾದ ಮೇಲೆ ಆ ಹಾಡು ಯಾರಿಗೂ ಬೇಕಾಗುತ್ತಿರಲಿಲ್ಲ. ಅಮೆರಿಕದ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳು ಬಹುಕಾಲ ಕೇಳುತ್ತಿದ್ದ ಪ್ರಶ್ನೆಗಳೂ ಹೆಚ್ಚುಕಡಿಮೆ ಇದೇ ಜಾತಿಯವು.

ಈ ಸಂಪ್ರದಾಯಕ್ಕೆ ಹೆಸರಾದದ್ದು ಮೈಕ್ರೋಸಾಫ್ಟ್. 1975ರಲ್ಲಿ ಇಬ್ಬರು ಗೆಳೆಯರು ಆರಂಭಿಸಿದ ಈ ಸಂಸ್ಥೆ 1986ರಲ್ಲಿ ವಾಷಿಂಗ್ಟನ್ ಸಂಸ್ಥಾನದ ರೆಡ್ಮಂಡ್ ಎಂಬ ಊರಿಗೆ ಬಂದು ನೆಲೆಯೂರಿತು. ಅಲ್ಲಿಗೆ ಕೆಲಸ ಬಯಸಿ ಹೋದವನಿಗೆ ಇಡೀ ದಿನದ ಪರೀಕ್ಷೆ ಕಾದಿರುತ್ತಿತ್ತು. ಒಬ್ಬರಾದ ಮೇಲೊಬ್ಬರು ಕರೆದು ಕೂರಿಸುವರು. ಗೋಡೆಯ ಬಿಳಿಯ ಹಲಗೆಯ ಮೇಲೆ, ಅವರ ಕಣ್ಣೆದುರಿಗೇ, ಪ್ರೋಗ್ರಾಂ ಬರೆದು ತೋರಿಸಬೇಕು. ನಡುನಡುವೆ ಒಗಟುಗಳು. ಬೀದಿಯ ಒಳಚರಂಡಿಯ ಮುಚ್ಚಳ ದುಂಡಗಿರುವುದೇಕೆ ಎಂಬುದು ಅವುಗಳಲ್ಲಿ ಜಗತ್ಪ್ರಸಿದ್ಧವಾದುದು. ಚೌಕದ ಬಾಹು 1 ಗಜವಾದರೆ ಅದರ ಕರ್ಣ ಸುಮಾರು 1.41 ಗಜ; ಆದುದರಿಂದ ಚೌಕದ ಮುಚ್ಚಳವನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ತಿರುಗಿಸಿದರೆ ಅದು ತನ್ನ ಗುಂಡಿಯೊಳಕ್ಕೇ ಬಿದ್ದೀತು. ದುಂಡು ಮುಚ್ಚಳಕ್ಕೆ ಎತ್ತ ತಿರುಗಿಸಿದರೂ ಅಗಲ ಒಂದೇ, ಬೀಳಲಾರದು. ಉತ್ತರ ಸೊಗಸಾಗಿದೆ, ಒಪ್ಪೋಣ. ಆದರೆ ಒಮ್ಮೆ ಕೇಳಿದವನ ಬಾಯಲ್ಲಿ ಅದು ಜಾಣತನವಾಗಿ ಉಳಿಯುವುದಿಲ್ಲ, ಬರಿಯ ಜ್ಞಾಪಕಶಕ್ತಿಯಾಗುತ್ತದೆ. 2003ರಲ್ಲಿ ವಿಲಿಯಂ ಪೌಂಡ್‌ಸ್ಟೋನ್ ಎಂಬ ಲೇಖಕ ಇಂಥ ಪ್ರಶ್ನೆಗಳನ್ನು ಕುರಿತು ಪುಸ್ತಕವನ್ನೇ ಬರೆದನು. ಗೂಗಲ್ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥನಾಗಿದ್ದ ಲಾಸ್ಲೋ ಬಾಕ್, ಈ ಒಗಟುಗಳಿಂದ ಕೇಳುವವನಿಗೆ ತಾನು ಬುದ್ಧಿವಂತನೆಂಬ ತೃಪ್ತಿ ಸಿಗುವುದೇ ಹೊರತು ಬೇರೆ ಪ್ರಯೋಜನವಿಲ್ಲವೆಂದು 2013ರಲ್ಲಿ ಬಹಿರಂಗವಾಗಿಯೇ ಹೇಳಿಬಿಟ್ಟನು.

1992ರಲ್ಲಿ ಇಂಥದೊಂದು ದಿನವನ್ನು ಹೈದರಾಬಾದಿನ ತರುಣನೊಬ್ಬ ಕಳೆದನು. ನಮ್ಮ ಮಣಿಪಾಲದ ತಾಂತ್ರಿಕ ವಿದ್ಯಾಲಯದಲ್ಲಿ ಓದಿ 1988ರಲ್ಲಿ ಪದವಿ ಪಡೆದವನು. ಹೆಸರು ಸತ್ಯ ನಾದೆಲ್ಲ. ಎಂಜಿನಿಯರುಗಳ ಪ್ರಶ್ನೆಗಳೆಲ್ಲ ಮುಗಿದ ಮೇಲೆ ರಿಚರ್ಡ್ ಟೇಟ್ ಎಂಬ ಅಧಿಕಾರಿ ಒಂದು ಸಾಮಾನ್ಯ ಪ್ರಶ್ನೆ ಕೇಳಿದನು: ಬೀದಿಯಲ್ಲಿ ಕೂಸೊಂದು ಬಿದ್ದು ಅಳುತ್ತಿದೆ, ನೀನು ಏನು ಮಾಡುವೆ? ದಿನವಿಡೀ ತಂತ್ರಗಳೊಡನೆ ಗುದ್ದಾಡಿದ ತರುಣನಿಗೆ ಇದರಲ್ಲಿಯೂ ಏನೋ ತಂತ್ರ ಅಡಗಿದೆಯೆಂದೇ ತೋರಿತು. ಯೋಚಿಸಿ, ತುರ್ತು ಸಹಾಯದ 911ಕ್ಕೆ ಫೋನ್ ಮಾಡುವೆನೆಂದನು. ಟೇಟ್ ಎದ್ದು ಬಂದು ಅವನ ಹೆಗಲ ಮೇಲೆ ಕೈಹಾಕಿ, ನಿನಗೆ ಸ್ವಲ್ಪ ಅನುಕಂಪ ಬೇಕಪ್ಪಾ, ಅಳುವ ಕೂಸನ್ನು ಮೊದಲು ಎತ್ತಿಕೊಳ್ಳಬೇಕು ಎಂಬರ್ಥದ ಮಾತನ್ನಾಡಿ ಕಳುಹಿಸಿದನು. ನಾದೆಲ್ಲರೇ ಇದನ್ನು 2017ರಲ್ಲಿ ಪ್ರಕಟವಾದ ‘ಹಿಟ್ ರಿಫ್ರೆಶ್’ ಎಂಬ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ.

ಮಹಾಭಾರತವನ್ನು ಬಲ್ಲ ವಾಚಕರಿಗೆ ಇಲ್ಲಿ ಯಕ್ಷನ ನೆನಪಾಗದಿರದು. ನಾಲ್ವರು ತಮ್ಮಂದಿರು ಕೊಳದ ದಡದಲ್ಲಿ ಬಿದ್ದಿದ್ದಾರೆ. ಧರ್ಮರಾಯ ಯಕ್ಷನ ಒಗಟುಗಳಿಗೆಲ್ಲ ಒಂದೊಂದಾಗಿ ಉತ್ತರ ಹೇಳುತ್ತಾನೆ. ನಿಜವಾದ ಪರೀಕ್ಷೆ ಆಮೇಲಿನದು. ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದಾಗ ಅವನು ಭೀಮನನ್ನಾಗಲಿ ಅರ್ಜುನನನ್ನಾಗಲಿ ಕೇಳದೆ, ಮಾದ್ರಿಗೂ ಒಬ್ಬ ಮಗ ಉಳಿಯಲೆಂದು ನಕುಲನನ್ನು ಕೇಳುತ್ತಾನೆ. ಅದರಿಂದಲೇ ಎಲ್ಲರೂ ಎದ್ದರು. ರೆಡ್ಮಂಡಿನಲ್ಲಿ ಆದದ್ದು ಬೇರೆ. ಕೊನೆಯ ಪ್ರಶ್ನೆಯಲ್ಲಿ ಸೋತ ತರುಣನಿಗೂ ಕೆಲಸ ಸಿಕ್ಕಿತು! ಯಾವ ಪ್ರಶ್ನೆಗೆ ಎಷ್ಟು ಅಂಕವೆಂಬುದು ಅಲ್ಲಿಗೇ ತಿಳಿಯಿತಷ್ಟೆ.

ಒಳಗೆ ಸೇರಿದವರಿಗೂ ಅಂಕಗಳ ಕಾಟ ತಪ್ಪಿರಲಿಲ್ಲ. ಪ್ರತಿ ತಂಡದಲ್ಲಿಯೂ ಇಷ್ಟು ಮಂದಿ ಉತ್ತಮರು, ಇಷ್ಟು ಮಂದಿ ಅಧಮರು ಎಂದು ಮೊದಲೇ ಗೊತ್ತುಮಾಡಿ ದರ್ಜೆ ಹಂಚುವ ಪದ್ಧತಿ ಬಹುಕಾಲ ನಡೆಯಿತು. ಹತ್ತಕ್ಕೆ ಹತ್ತು ಮಂದಿ ಸಮರ್ಥರಾಗಿದ್ದರೂ ಯಾರಾದರೂ ಕೆಳಗೆ ಬೀಳಲೇಬೇಕು. ಜಾಣರ ಪಕ್ಕದಲ್ಲಿ ಕುಳಿತು ಕೆಲಸಮಾಡಲು ಜಾಣರೇ ಹಿಂಜರಿದರೆ ಆಶ್ಚರ್ಯವೇನು? ತರಗತಿಯ ಮಕ್ಕಳನ್ನು ಹೀಗೆ ಅಳೆದರೆ ಏನಾಗುತ್ತದೆಂಬುದು ನಮ್ಮ ಉಪಾಧ್ಯಾಯರಿಗೆ ಚೆನ್ನಾಗಿ ಗೊತ್ತು. 2013ರ ನವೆಂಬರಿನಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು.

ಇಷ್ಟರಲ್ಲಿ ನಾದೆಲ್ಲರಿಗೆ ಆ ಕೂಸಿನ ಪ್ರಶ್ನೆಯನ್ನು ಬದುಕು ಮತ್ತೊಮ್ಮೆ ಕೇಳಿತ್ತು. 1996ರಲ್ಲಿ ಹುಟ್ಟಿದ ಅವರ ಮಗ ಜೈನ್, ಉಸಿರುಕಟ್ಟಿದ ಜನನದಿಂದಾಗಿ ಮಿದುಳಿನ ಪಾರ್ಶ್ವವಾಯುವಿಗೆ ತುತ್ತಾದನು. ತಮಗೇಕೆ ಹೀಗಾಯಿತೆಂದು ತಂದೆ ಬಹುದಿನ ತಮ್ಮ ದುಃಖದಲ್ಲಿಯೇ ಮುಳುಗಿದ್ದರು. ತಾಯಿ ಅನು ಮಾತ್ರ ಮಗುವನ್ನು ಕರೆದುಕೊಂಡು ಚಿಕಿತ್ಸೆಯಿಂದ ಚಿಕಿತ್ಸೆಗೆ ತಿರುಗುತ್ತಿದ್ದರು. ಆಗಿರುವುದು ತನಗಲ್ಲ, ಮಗನಿಗೆ ಎಂಬ ಅರಿವು ಅವರಿಗೆ ಬಂದದ್ದು ಹೆಂಡತಿಯನ್ನು ನೋಡಿ. 2014ರ ಫೆಬ್ರುವರಿಯಲ್ಲಿ ಸಂಸ್ಥೆಯ ಮುಖ್ಯಾಧಿಕಾರಿಯಾದ ಮೇಲೆ ಅನುಕಂಪವೆಂಬ ಮಾತನ್ನು ಅವರು ಮತ್ತೆ ಮತ್ತೆ ಆಡಿದ್ದಕ್ಕೆ ಹಿನ್ನೆಲೆ ಇದು. ಜೈನ್ 2022ರಲ್ಲಿ ತೀರಿಕೊಂಡನು.

ಹಾಗೆಂದು ಅವರನ್ನು ಋಷಿಯಾಗಿಸಬೇಕಾಗಿಲ್ಲ. 2014ರ ಅಕ್ಟೋಬರಿನಲ್ಲಿ, ಗಣಕಕ್ಷೇತ್ರದ ಮಹಿಳೆಯರ ಸಮ್ಮೇಳನವೊಂದರಲ್ಲಿ, ಸಂಬಳ ಹೆಚ್ಚಿಸಿರೆಂದು ಕೇಳುವುದಕ್ಕಿಂತ ವ್ಯವಸ್ಥೆಯನ್ನು ನಂಬಿರಿ, ಅದು ಒಳ್ಳೆಯ ಕರ್ಮವೆಂದು ಉಪದೇಶಿಸಿದರು. ಗೀತೆಯ ಕರ್ಮ ಸಂಬಳದ ಪಟ್ಟಿಗೆ ಇಳಿದದ್ದು ಅಂದೇ ಇರಬೇಕು. ವೇದಿಕೆಯ ಮೇಲೆ ಪ್ರಶ್ನೆ ಕೇಳಿದ ಮಹಿಳೆ ಅಲ್ಲಿಯೇ ಅದನ್ನು ಒಪ್ಪಲಿಲ್ಲ. ಅವರು ಅಂದೇ ತಮ್ಮ ಉತ್ತರ ತಪ್ಪೆಂದು ಸಿಬ್ಬಂದಿಗೆಲ್ಲ ಬರೆದು ತಿಳಿಸಿದರು.

2023ರ ಜನವರಿಯಲ್ಲಿ 10,000 ಮಂದಿಯನ್ನು ಕೆಲಸದಿಂದ ತೆಗೆಯುವ ಪ್ರಕಟಣೆಗೆ ಸಹಿಮಾಡಿದವರೂ ಅವರೇ. ಹಾಗೆ ಹೊರಬಿದ್ದ ಎಂಜಿನಿಯರು ಇಪ್ಪತ್ತು ವರ್ಷ ದುಡಿದ ಅನುಭವಿಯಾಗಿದ್ದರೂ, ಬೇರೊಂದು ದೊಡ್ಡ ಸಂಸ್ಥೆಯ ಬಾಗಿಲು ತಟ್ಟಬೇಕಾದರೆ ವಿದ್ಯಾರ್ಥಿಯಂತೆ ರಾತ್ರಿಯೆಲ್ಲ ಪ್ರೋಗ್ರಾಮಿನ ಲೆಕ್ಕಗಳನ್ನು ಅಭ್ಯಾಸಮಾಡಿಕೊಳ್ಳಬೇಕು. ದುಂಡು ಮುಚ್ಚಳದ ಪ್ರಶ್ನೆಯನ್ನು ಈಗ ಯಾರೂ ಕೇಳಲಾರರು. ಬಿಳಿಯ ಹಲಗೆ ಇನ್ನೂ ಇದೆ.