ಕಪ್ಪು ಕೋನು, ಬಿಳಿ ಕ್ರೀಮು: ಅಲಂಕಾರಕ್ಕೆ ಮೊದಲು ಲೇಬಲ್ ಓದೋಣ

ಪೆರ್ನಾಳ್ ರಜೆ ಮುಗಿದು ಮದ್ರಸ ತೆರೆದ ದಿನ. ಒಂದು ಹುಡುಗಿ ಎರಡೂ ಕೈಗಳನ್ನು ದುಪಟ್ಟಾದೊಳಗೆ ಅಡಗಿಸಿಕೊಂಡು ಕೂತಿದ್ದಳು. ಕಿತಾಬಿನ ಪುಟ ತಿರುಗಿಸಲು ಹೇಳಿದರೆ ಪಕ್ಕದವಳು ತಿರುಗಿಸಿಕೊಡುತ್ತಿದ್ದಳು. "ಕೈ ತೋರಿಸಮ್ಮಾ" ಅಂದೆ. ಮೆಹಂದಿಯ ಬಳ್ಳಿ ಹೇಗೆ ಹೋಗಿತ್ತೋ ಹಾಗೆಯೇ, ಎಲೆ ಎಲೆಯಾಗಿ, ಹೂವು ಹೂವಾಗಿ ಬೊಕ್ಕೆ ಎದ್ದಿತ್ತು. ಕೆಲವು ಒಡೆದು ನೀರು ಸೋರುತ್ತಿತ್ತು.

ಸಂಜೆ ಅವಳ ತಾಯಿ ಬಂದರು. "ಏನ್ ಮಾಡೂದ್ರಿ ಹಜರತ್, ಬಜಾರದಾಗ ಕೋನ್ ತಂದಿದ್ವಿ. ಒಂದ್ ತಾಸಿನ್ಯಾಗ ಕರ್ರಗ ಬಣ್ಣ ಬರ್ತೈತಿ ಅಂದ್ರು. ಬಣ್ಣಾನೂ ಬಂತು, ಹಿಂದಿಂದ ಗುಳ್ಳಿನೂ ಬಂದ್ವು" ಅಂದರು. ಕೋನಿನ ಮೇಲೆ ಹೂವಿನ ಚಿತ್ರ ಬಿಟ್ಟರೆ ಕಂಪೆನಿ ಹೆಸರಿಲ್ಲ, ತಯಾರಾದ ದಿನಾಂಕವಿಲ್ಲ, ಒಳಗೆ ಏನಿದೆ ಎಂದು ಒಂದಕ್ಷರವೂ ಇಲ್ಲ.

ಕರಾವಳಿ ಬಿಟ್ಟು ಈ ಕಡೆ ಬಂದು ಪಾಠ ಹೇಳುತ್ತಾ ಹಲವು ವರ್ಷಗಳಾದವು. ಗದಗ-ಬೆಟಗೇರಿಯ ಬಜಾರು, ಲಕ್ಷ್ಮೇಶ್ವರದ ಉರೂಸು, ಶಿರಹಟ್ಟಿಯ ಜಾತ್ರೆ, ಮುಂಡರಗಿಯ ಸಂತೆ, ಎಲ್ಲಿ ಹೋದರೂ ಬಳೆ ಅಂಗಡಿಯ ಪಕ್ಕ ಕೋನು, ಸುರ್ಮಾ, ಬೆಳ್ಳಗಾಗುವ ಕ್ರೀಮು ಹರವಿಕೊಂಡವರು ಇದ್ದೇ ಇರುತ್ತಾರೆ. ನಮ್ಮ ಮಂಗಳೂರು, ಉಳ್ಳಾಲ, ಪುತ್ತೂರಿನ ಕಥೆಯೂ ಬೇರೆಯಲ್ಲ. ಅಲ್ಲಿ ಸಂತೆಯ ಬದಲು ಗಲ್ಫಿನಿಂದ ಬರುವ ಪೆಟ್ಟಿಗೆ, ಅಷ್ಟೇ ವ್ಯತ್ಯಾಸ. ಹೆಣ್ಣುಮಕ್ಕಳ ಅಲಂಕಾರದ ವಿಷಯ ಉಸ್ತಾದರಿಗೆ ಯಾಕೆ ಎಂದು ಕೇಳಬಹುದು. ಮಕ್ಕಳ ಕೈಯಲ್ಲಿ ಬೊಕ್ಕೆ ನೋಡಿದ ಮೇಲೆ ಸುಮ್ಮನಿರುವುದು ಹೇಗೆ?

ಮೈಲಾಂಜಿ ಕಪ್ಪಾಗುವುದಿಲ್ಲ

ಮೊದಲು ಒಂದು ಮಾತು ತಿಳಿದುಕೊಳ್ಳೋಣ. ಮೈಲಾಂಜಿ ಎಲೆಯಲ್ಲಿರುವ ಬಣ್ಣದ ಹೆಸರು ಲಾಸೋನ್. ಅದು ಮೊದಲು ಕಿತ್ತಳೆ, ಒಂದೆರಡು ದಿನದಲ್ಲಿ ಕೆಂಪುಕಂದು. ಹಚ್ಚಿ ಕೆಲವು ಗಂಟೆ ಬಿಡಬೇಕು. ಗಂಟೆಯೊಳಗೆ ಕಡುಕಪ್ಪು ಬಣ್ಣ ಬಂತೆಂದರೆ ಅದು ಬರೇ ಎಲೆಯ ಕೆಲಸವಲ್ಲ.

ಕಪ್ಪು ಮಾಡಲು ಹೆಚ್ಚಾಗಿ ಬೆರೆಸುವುದು ಪ್ಯಾರಾಫೆನಿಲೀನ್‌ಡೈಅಮೈನ್ ಎಂಬ ರಾಸಾಯನಿಕ. ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಕೂದಲಿಗೆ ಹಚ್ಚುವ ಕಪ್ಪು ಡೈಯಲ್ಲಿ ಇರುವುದೂ ಇದೇ. ಕೂದಲ ಡೈಯಲ್ಲಾದರೆ ಪ್ರಮಾಣಕ್ಕೆ ಮಿತಿ ಇದೆ, ಮೊದಲು ಸ್ವಲ್ಪ ಹಚ್ಚಿ ನೋಡಿ ಎಂಬ ಎಚ್ಚರಿಕೆ ಇದೆ, ಬೇಗ ತೊಳೆಯಲು ಹೇಳಿರುತ್ತಾರೆ. ಹೆಸರಿಲ್ಲದ ಕೋನಿನಲ್ಲಿ ಎಷ್ಟು ಹಾಕಿದ್ದಾರೆಂದು ಯಾರಿಗೂ ಗೊತ್ತಿಲ್ಲ, ಅದೂ ನೇರ ಚರ್ಮದ ಮೇಲೆ ಗಂಟೆಗಟ್ಟಲೆ ಕೂರುತ್ತದೆ. ಬೆಟಗೇರಿಯ ನೇಕಾರರಿಗೆ ನೂಲಿನ ಬಣ್ಣ ನೂಲಿಗೆ ಮಾತ್ರ ಎಂದು ಹೇಳಿಕೊಡಬೇಕಾಗಿಲ್ಲ. ನಾವು ಮಾತ್ರ ಕೂದಲ ಬಣ್ಣವನ್ನು ಮಕ್ಕಳ ಅಂಗೈಗೆ ಹಚ್ಚುತ್ತಿದ್ದೇವೆ.

ಬೊಕ್ಕೆ ಮಾಯುತ್ತದೆ. ಆದರೆ ಒಮ್ಮೆ ಪಿಪಿಡಿಗೆ ಅಲರ್ಜಿ ಆದ ದೇಹ ಅದನ್ನು ಮರೆಯುವುದಿಲ್ಲ. ಈ ಹುಡುಗಿ ಇಪ್ಪತ್ತು ವರ್ಷದ ನಂತರ ಕೂದಲಿಗೆ ಡೈ ಹಚ್ಚಿದರೆ ಮುಖ, ಕಣ್ಣು ಊದಿಕೊಂಡು ಆಸ್ಪತ್ರೆ ಸೇರಬೇಕಾಗಿ ಬರಬಹುದು. ಒಂದು ಅಗ್ಗದ ಕೋನು ಅವಳ ಇಡೀ ಬದುಕಿಗೆ ಒಂದು ಪಥ್ಯ ಕಟ್ಟಿಬಿಟ್ಟಿತು.

ಪರಿಹಾರ ಕಷ್ಟದ್ದಲ್ಲ. ಎಲೆ ಸಿಕ್ಕರೆ ಅರೆದು ಹಚ್ಚಿ. ಇಲ್ಲವೆಂದರೆ ಒಳಗೇನಿದೆ ಎಂದು ಬರೆದಿರುವ ಹೆನ್ನಾ ಪುಡಿ ತಂದು, ಸೋಸಿ, ನೀರಲ್ಲಿ ಕಲಸಿ ಮನೆಯಲ್ಲೇ ಕೋನು ಮಾಡಿ. ಹಸುಗೂಸುಗಳಿಗೆ ಮಾತ್ರ ಶುದ್ಧ ಮೈಲಾಂಜಿಯೂ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಆ ಕೊರತೆ ಹೊರಗೆ ಕಾಣುವಂಥದ್ದಲ್ಲ.

ಸುರ್ಮಾ: ಹೆಸರು ಒಂದು, ಕಲ್ಲು ಇನ್ನೊಂದು

ಇಲ್ಲಿ ಸ್ವಲ್ಪ ಜಾಗ್ರತೆಯಿಂದ ಬರೆಯಬೇಕು. ಯಾಕೆಂದರೆ ಸುರ್ಮಾ ಸುನ್ನತ್ ಎಂಬ ಪ್ರೀತಿ ನಮ್ಮಲ್ಲಿದೆ. ಹದೀಸುಗಳಲ್ಲಿ ಬರುವ ಹೆಸರು ಇಸ್ಮಿದ್. ಅದನ್ನು ಸಾಮಾನ್ಯವಾಗಿ ಆಂಟಿಮನಿ ಕಲ್ಲು ಎಂದು ಅರ್ಥ ಮಾಡುತ್ತಾರೆ. ಆದರೆ ಇವತ್ತು ಸುರ್ಮಾ ಎಂದು ಮಾರುವ ಹೊಳೆಯುವ ಕಪ್ಪು ಪುಡಿ ಬಹಳ ಸಲ ಗೆಲೀನಾ, ಅಂದರೆ ಸೀಸದ ಸಲ್ಫೈಡ್. ಎರಡೂ ನೋಡಲು ಹೊಳೆಯುವ ಬೂದುಕಪ್ಪು. ಅರೆದ ಮೇಲೆ ನಿಮಗೂ ನನಗೂ ಗೊತ್ತಾಗುವುದಿಲ್ಲ. ಅರಬ್ ದೇಶಗಳ ಮಾರುಕಟ್ಟೆಯಿಂದ ತಂದು ಪರೀಕ್ಷಿಸಿದ ಹಲವು ಮಾದರಿಗಳಲ್ಲೂ ಮುಖ್ಯ ವಸ್ತುವಾಗಿ ಸಿಕ್ಕಿದ್ದು ಸೀಸವೇ. ಹಾಗಾಗಿ ಮಕ್ಕಾ ಮದೀನಾದಿಂದ ತಂದದ್ದು ಎಂಬ ಮಾತು ಪರೀಕ್ಷಾ ವರದಿ ಆಗುವುದಿಲ್ಲ.

ಶುದ್ಧ ಗೆಲೀನಾದ ತೂಕದಲ್ಲಿ ನೂರಕ್ಕೆ 86 ಭಾಗ ಸೀಸ. ದೊಡ್ಡವರಿಗಿಂತ ಮಕ್ಕಳಿಗೆ ಅಪಾಯ ಹೆಚ್ಚು. ಮಗು ಕಣ್ಣು ಉಜ್ಜುತ್ತದೆ, ಅದೇ ಬೆರಳು ಬಾಯಿಗೆ ಹೋಗುತ್ತದೆ. ಸೀಸ ಮಿದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ರಕ್ತಹೀನತೆ ತರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆ ಇಲ್ಲ ಎನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರಿಟನ್‌ಗೆ ವಲಸೆ ಹೋದ ನಮ್ಮ ಉಪಖಂಡದ ಕುಟುಂಬಗಳ ಮಕ್ಕಳಲ್ಲಿ ಸುರ್ಮಾದಿಂದ ಸೀಸ ಏರಿದ್ದನ್ನು ಅಲ್ಲಿನ ವೈದ್ಯರು 1970ರ ದಶಕದಲ್ಲೇ ಬರೆದಿದ್ದಾರೆ. ಬಣ್ಣಕ್ಕಾಗಿ ಸೀಸದ ಸಂಯುಕ್ತ ಬಳಸಿದ ಸೌಂದರ್ಯವರ್ಧಕ ತಯಾರಿಸುವುದಕ್ಕೆ ಭಾರತದ ಕಾನೂನಿನಲ್ಲೂ ಅವಕಾಶ ಇಲ್ಲ.

ಫಿಕ್‌ಹ್ ಓದಿದವರಿಗೆ ಗೊತ್ತಿರುವ ಮೂಲ ನಿಯಮ, ಹಾನಿ ತರುವುದನ್ನು ದೂರ ಮಾಡಬೇಕು. ಕಣ್ಣಿಗೆ ಒಳ್ಳೆಯದೆಂದು ಕಲಿಸಿದ್ದನ್ನು ಕಣ್ಣಿಗೆ ಕೆಟ್ಟದ್ದರಿಂದ ಮಾಡಿದರೆ ಸುನ್ನತ್ ಎಲ್ಲಿ ಉಳಿಯಿತು? ಸುರ್ಮಾ ಬೇಕೆನ್ನುವವರು ಸೀಸ ಇಲ್ಲ ಎಂದು ಲೇಬಲಿನಲ್ಲಿ ಸ್ಪಷ್ಟವಾಗಿ ಬರೆದ, ತಯಾರಕರ ಪರವಾನಗಿ ನಂಬರ್ ಇರುವುದನ್ನೇ ತನ್ನಿ. ಮದುವೆ ಮನೆಯಲ್ಲಿ ಒಂದೇ ಕಡ್ಡಿ ಹತ್ತು ಕಣ್ಣಿಗೆ ತಿರುಗುವುದೂ ನಿಲ್ಲಬೇಕು, ಕಣ್ಣುಬೇನೆ ಹರಡುವುದು ಹಾಗೆಯೇ.

ಇಲ್ಲಿನ ಹಿರಿಯ ತಾಯಂದಿರು ಹರಳೆಣ್ಣೆ ದೀಪದ ಮಸಿ ಹಿಡಿದು ಕಾಡಿಗೆ ಮಾಡುತ್ತಾರೆ. ಅದರಲ್ಲಿ ಸೀಸದ ಭಯ ಕಡಿಮೆ, ನಿಜ. ಆದರೂ ಮಸಿ ಮಸಿಯೇ. ಕೂಸಿನ ಕಣ್ಣೊಳಗೆ ಏನನ್ನೂ ಹಾಕಬೇಡಿ ಎಂದೇ ವೈದ್ಯರು ಹೇಳುವುದು.

ಬಿಳಿ ಕ್ರೀಮು ಮತ್ತು ಕಿಡ್ನಿ

ಎಲ್ಲಕ್ಕಿಂತ ನನಗೆ ಹೆದರಿಕೆ ಬೆಳ್ಳಗಾಗುವ ಕ್ರೀಮಿನದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್ ನಮ್ಮ ಬ್ಯಾರಿಗಳಿಗೆ ದೂರದ ಊರಲ್ಲ. ಅಲ್ಲಿನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಕಿಡ್ನಿ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯ 22 ರೋಗಿಗಳನ್ನು ಗಮನಿಸಿದರು. ಈ ಕಾಯಿಲೆಯಲ್ಲಿ ಕಿಡ್ನಿಯ ಜಾಲರಿ ಹಾಳಾಗಿ ಪ್ರೋಟೀನು ಮೂತ್ರದಲ್ಲಿ ಸೋರುತ್ತದೆ. ಮೂತ್ರ ನೊರೆ ನೊರೆ, ಕಾಲು ಬಾವು. 22ರಲ್ಲಿ 15 ಮಂದಿಯಲ್ಲಿ ಅಪರೂಪದ ಒಂದೇ ಬಗೆ ಕಂಡಿತು. ಕೇಳುತ್ತಾ ಹೋದಾಗ ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು! ಕಾರಣ ಕ್ರೀಮಿನಲ್ಲಿದ್ದ ಪಾದರಸ. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಆಪರೇಷನ್ ಸೌಂದರ್ಯ ಎಂಬ ಹೆಸರಲ್ಲಿ ಅಂಗಡಿಗಳನ್ನು ತಪಾಸಣೆ ಮಾಡಿ ಪರವಾನಗಿ ಇಲ್ಲದ ಮಾಲು ಹಿಡಿಯಿತು. ಮಹಾರಾಷ್ಟ್ರದ ಅಕೋಲಾದಲ್ಲೂ ಒಂದೇ ಮನೆಯ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಒಂದೇ ಕ್ರೀಮಿನಿಂದ ಕಿಡ್ನಿ ತೊಂದರೆಗೆ ಒಳಗಾದ ಸುದ್ದಿ ಬಂದಿತ್ತು.

ಇದು ನಿನ್ನೆ ಮೊನ್ನೆಯದೂ ಅಲ್ಲ. ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2014ರಲ್ಲಿ 32 ಬಿಳಿ ಕ್ರೀಮುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಪಾದರಸ ಸಿಕ್ಕಿತ್ತು.

ಪಾದರಸ ಹೇಗೆ ಬಿಳಿ ಮಾಡುತ್ತದೆ? ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುತ್ತದೆ. ನಿಲ್ಲಿಸಿದರೆ ಬಣ್ಣ ವಾಪಸ್ ಬರುತ್ತದೆ, ಹಾಗಾಗಿ ಮತ್ತೆ ಮತ್ತೆ ಹಚ್ಚಬೇಕು. ಒಳಗೆ ಹೋದ ಪಾದರಸ ಕಿಡ್ನಿಯಲ್ಲಿ ಕೂರುತ್ತದೆ. ಹಚ್ಚಿಕೊಂಡವರಿಗೆ ಮಾತ್ರವಲ್ಲ, ದಿಂಬು, ಟವೆಲಿನ ಮೂಲಕ ಮನೆಯ ಮಕ್ಕಳಿಗೂ, ಎದೆಹಾಲಿನ ಮೂಲಕ ಕೂಸಿಗೂ ತಲುಪುತ್ತದೆ. ಪಾದರಸ ಸೇರಿಸಿದ ಸೌಂದರ್ಯವರ್ಧಕಗಳನ್ನು 2025ರೊಳಗೆ ಪೂರ್ತಿ ನಿಲ್ಲಿಸಬೇಕೆಂದು ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿದ್ದವು. ಆದರೆ ಪೆಟ್ಟಿಗೆಯೊಳಗೆ ಬಟ್ಟೆ, ಚಾಕಲೇಟಿನ ನಡುವೆ ಬರುವ ಡಬ್ಬಿಯನ್ನು ಯಾರು ತಪಾಸಣೆ ಮಾಡುತ್ತಾರೆ?

ಇನ್ನೊಂದು ಬಗೆ, ಮೆಡಿಕಲ್ ಶಾಪಿನ ಟ್ಯೂಬು. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂದು ಬರೆದಿದ್ದರೆ ಅದು ಸ್ಟೀರಾಯ್ಡ್. ಡಾಕ್ಟರು ಕೊಟ್ಟಷ್ಟು ದಿನ ಮಾತ್ರ ಅದು ಔಷಧ. ಪಕ್ಕದ ಮನೆಯವಳು ಹೇಳಿದಳೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪಾಗಿ ಉರಿಯುತ್ತದೆ, ಮೊಡವೆ, ಕೂದಲು ಏಳುತ್ತವೆ, ಬಿಟ್ಟರೆ ಇನ್ನೂ ಹೆಚ್ಚು ಉರಿ. 2018ರಿಂದ ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ನಾಚಿಕೆ ಬಿಟ್ಟು ಗದಗಿನ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವೈದ್ಯರಿಗೆ ಟ್ಯೂಬು ಸಮೇತ ತೋರಿಸಿ.

ಡಬ್ಬಿ ತಿರುಗಿಸಿ ನೋಡಿ

ಕೊಳ್ಳುವಾಗ ಡಬ್ಬಿಯ ಮುಂಭಾಗ ಅಲ್ಲ, ಹಿಂಭಾಗ ಓದಿ. ತಯಾರಕರ ಪೂರ್ತಿ ಹೆಸರು ವಿಳಾಸ, ಬ್ಯಾಚ್ ನಂಬರ್, ಪರವಾನಗಿ ನಂಬರ್, ಎಷ್ಟು ಸಮಯದೊಳಗೆ ಬಳಸಬೇಕು, ಒಳಗಿನ ವಸ್ತುಗಳ ಪಟ್ಟಿ, ಇಷ್ಟು ಇರಲೇಬೇಕು. ಹೊರದೇಶದ್ದಾದರೆ ಇಲ್ಲಿನ ಆಮದುದಾರರ ಹೆಸರು ಮತ್ತು ನೋಂದಣಿ ನಂಬರ್ ಬೇಕು. ಇವು ಯಾವುದೂ ಇಲ್ಲದಿದ್ದರೆ ಎಷ್ಟೇ ಚಂದ ಇರಲಿ, ವಾಪಸ್ ಇಡಿ.

ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಿಕ್, ಕ್ಯಾಲೊಮೆಲ್ ಎಂಬ ಪದ ಕಂಡರೆ ಅದು ಪಾದರಸ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ ಎಂಬ ಸೂಚನೆ ಇದ್ದರೂ ಅನುಮಾನಪಡಿ, ಪಾದರಸ ಆ ಲೋಹಗಳನ್ನು ಹಿಡಿಯುತ್ತದೆ. ಏಳು ದಿನದಲ್ಲಿ ಬಿಳಿ ಎಂದು ಬರೆದಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ.

ಹಲಾಲ್ ಎಂದು ಬರೆದಿದೆಯಲ್ಲ ಉಸ್ತಾದ್ ಎನ್ನುತ್ತಾರೆ ಕೆಲವರು. ಹಂದಿಯ ಕೊಬ್ಬು ಇಲ್ಲ ಎಂಬುದು ಒಂದು ವಿಷಯ, ಪಾದರಸ ಇಲ್ಲ ಎಂಬುದು ಬೇರೆಯೇ ವಿಷಯ. ಎರಡನ್ನೂ ನೋಡಬೇಕು. ನೈಲ್ ಪಾಲಿಶ್ ಬಗ್ಗೆ ಕೇಳುವವರಿಗೆ, ಅದು ಉಗುರಿನ ಮೇಲೆ ಪದರ ಕಟ್ಟುವುದರಿಂದ ವುಳೂವಿನ ನೀರು ತಲುಪುವುದಿಲ್ಲ. ಮೈಲಾಂಜಿ ಬಣ್ಣ ಮಾತ್ರ, ಪದರ ಅಲ್ಲ. ಉಗುರಿಗೆ ಬಣ್ಣ ಬೇಕಾದವರಿಗೆ ಅದಕ್ಕಿಂತ ಒಳ್ಳೆಯದು ಯಾವುದಿದೆ?

ಯಾವುದೇ ಹೊಸ ವಸ್ತುವನ್ನು ಮೊದಲು ಮೊಣಕೈ ಒಳಗಿನ ಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ. ಮದುವೆಯ ಹಿಂದಿನ ರಾತ್ರಿ ಹೊಸ ಪ್ರಯೋಗ ಬೇಡವೇ ಬೇಡ.

ನ್ಯಾಚುರಲ್ ಎಂದರೆ ಸುರಕ್ಷಿತವೇ?

ಸೀಸವೂ ನೆಲದಿಂದಲೇ ಬಂದದ್ದು, ಪಾದರಸವೂ ಪ್ರಕೃತಿಯದೇ. ಹಾಗಾಗಿ ಡಬ್ಬಿಯ ಮೇಲೆ ಹಸಿರು ಎಲೆ ಕಂಡ ಕೂಡಲೇ ಮರುಳಾಗಬಾರದು. ನಿಂಬೆರಸ ಮುಖಕ್ಕೆ ಹಚ್ಚಿ ಗದಗಿನ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ಹಳದಿ ಹೊಳಪಿಗೆ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನ ಪುಡಿ ಮಾರುಕಟ್ಟೆಯಲ್ಲಿ ಸಿಕ್ಕಿಬಿದ್ದದ್ದಿದೆ, ಕೊಂಬು ತಂದು ಮನೆಯಲ್ಲೇ ಪುಡಿ ಮಾಡುವುದು ಒಳ್ಳೆಯದು. ಲೋಳೆಸರ ಕತ್ತರಿಸಿದರೆ ಮೊದಲು ಒಸರುವ ಹಳದಿ ರಸ ಇಳಿದು ಹೋಗಲಿ, ತುರಿಕೆ ತರುವುದು ಅದೇ. ಒಳಗಿನ ತಿಳಿ ಲೋಳೆ ಸಾಕು.

ಉಳಿದಂತೆ ನಮ್ಮ ಅಡುಗೆಮನೆ ಬಡವಾಗಿಲ್ಲ. ಮುಖ ತೊಳೆಯಲು ಕಡಲೆಹಿಟ್ಟು ಮೊಸರು, ತಲೆಗೆ ಸೀಗೆಕಾಯಿ ಅಂಟುವಾಳ, ಒಡೆದ ತುಟಿಗೆ ತುಪ್ಪ, ಮೇಕಪ್ ತೆಗೆಯಲು ಕೊಬ್ಬರಿ ಎಣ್ಣೆ. ತುಟಿ ಕೆಂಪಿಗೆ ಬೀಟ್‌ರೂಟ್ ರಸ ಎರಡು ಹನಿ ತುಪ್ಪದಲ್ಲಿ ಕಲಸಬಹುದು. ಆದರೆ ನೀರಿನಂಶ ಇರುವುದು ಬೇಗ ಕೆಡುತ್ತದೆ, ಅಂದಿನದು ಅಂದಿಗೆ. ಈ ಸೀಮೆಯ ಎರೆಹೊಲಗಳಲ್ಲಿ ಬೆಳೆಯುವ ಕುಸುಬಿ ಹೂವಿನ ಕೆಂಪಿನಿಂದ ಜಪಾನಿನ ಹೆಂಗಸರು ತಲೆಮಾರುಗಳ ಕಾಲ ತುಟಿಗೆ ಬಣ್ಣ ಮಾಡಿಕೊಂಡಿದ್ದರಂತೆ ಎಂದು ಮಕ್ಕಳಿಗೆ ಹೇಳಿದರೆ ಬಾಯಿಬಿಟ್ಟು ಕೇಳುತ್ತಾರೆ.

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. 2019ರಲ್ಲಿ ಅದು ವನ್ಯಜೀವಿಧಾಮವಾಗಿದೆ. ಕಪ್ಪತಗುಡ್ಡದ ಬೇರು, ಎಲೆ ಎಂದು ಯಾರಾದರೂ ಪುಡಿ ಮಾರಿದರೆ ಕೊಳ್ಳಬೇಡಿ. ಅಲ್ಲಿಂದ ಕೀಳುವುದು ಕಾನೂನಿಗೆ ವಿರುದ್ಧ, ಪುಡಿ ಯಾವ ಗಿಡದ್ದೆಂದು ನಿಮಗೂ ಗೊತ್ತಿಲ್ಲ. ಹಿತ್ತಲಲ್ಲಿ ಒಂದು ಮೈಲಾಂಜಿ ಗಿಡ, ಕುಂಡದಲ್ಲಿ ಒಂದು ಲೋಳೆಸರ ಸಾಕು.

ಬಣ್ಣ ಕೇಳುವವರು ಯಾರು?

ಕೊನೆಯ ಮಾತು ಗಂಡಸರಿಗೆ, ಅತ್ತೆಯಂದಿರಿಗೆ. ಹುಡುಗಿಯರು ಈ ಕ್ರೀಮು ಹಚ್ಚುವುದು ಶೋಕಿಗೆ ಮಾತ್ರ ಅಲ್ಲ. ಹೆಣ್ಣು ನೋಡಲು ಹೋದವರು ಹೊರಬಂದು "ಸ್ವಲ್ಪ ಕಪ್ಪು" ಎನ್ನುವ ಆ ಎರಡು ಶಬ್ದ ಅವಳ ಕೈಗೆ ಡಬ್ಬಿ ಕೊಡುತ್ತದೆ. ಹುಡುಗಿಯ ದೀನ್, ಓದು, ಗುಣ ಕೇಳುವ ಮೊದಲು ಬಣ್ಣ ಕೇಳುವ ನಮ್ಮ ಬಾಯಿಯಲ್ಲೇ ಪಾದರಸ ಇದೆ. ಅದಕ್ಕೆ ಯಾವ ಇಲಾಖೆಯೂ ದಾಳಿ ಮಾಡುವುದಿಲ್ಲ, ನಾವೇ ಉಗಿಯಬೇಕು.

ಆ ಹುಡುಗಿಯ ಕೈ ಮಾದಿದೆ, ತಿಳಿ ಕಲೆ ಉಳಿದಿದೆ. ಮುಂದಿನ ಪೆರ್ನಾಳಿಗೆ ಮದ್ರಸದ ಹಿಂದಿನ ಗಿಡದಿಂದ ಎಲೆ ಕೊಯ್ದು ಮಕ್ಕಳಿಗೆಲ್ಲ ಹಂಚುವುದೆಂದು ಮಾತಾಗಿದೆ. ಅವಳು ಮಾತ್ರ ಅದನ್ನೂ ಹಚ್ಚುವ ಮೊದಲು ಡಾಕ್ಟರರನ್ನು ಕೇಳಬೇಕು. ತಾಯಿಗೆ ಹಾಗೇ ಹೇಳಿದ್ದೇನೆ. "ಕೇಳೇ ಹಚ್ತೀವಿ ಬಿಡ್ರಿ ಹಜರತ್, ಕೆಂಪ್ ಬಂದ್ರ ಸಾಕ್" ಅಂದರು.