ಅಜ್ಜನ ಶಾಲಾ ದಾಖಲೆ, ಮೊಮ್ಮಗಳ ಕಾಲೇಜು ಶುಲ್ಕ

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ದಿಂಡೋರಿ ದ್ರಾಕ್ಷಿ ತೋಟಗಳಿಗೆ ಹೆಸರಾದ ತಾಲ್ಲೂಕಾದರೂ, ಕೋಳಿ ಮಹಾದೇವ, ಕೋಕಣಾ ಮೊದಲಾದ ಪರಿಶಿಷ್ಟ ಬುಡಕಟ್ಟುಗಳ ಕುಟುಂಬಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಈ ಮನೆಗಳ ಮಕ್ಕಳಿಗೆ ಕಾಲೇಜಿನ ದಾರಿ ತೆರೆಯುವುದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಅದನ್ನು ಪಡೆಯಲು ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಯನ್ನು ಮೀರಿರಬಾರದು.

ಅರ್ಜಿಯನ್ನು ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಸಲ್ಲಿಸಿದ ಮೇಲೆ ಅದು ಮೊದಲು ಕಾಲೇಜಿನ ಪರಿಶೀಲನೆಗೆ, ಬಳಿಕ ಬುಡಕಟ್ಟು ಅಭಿವೃದ್ಧಿ ಇಲಾಖೆಯ ಕಚೇರಿಗೆ ಹೋಗುತ್ತದೆ. ಎಲ್ಲಿ ಕೊರತೆ ಕಂಡರೂ ವಿದ್ಯಾರ್ಥಿಗೆ ಹಿಂದಿರುಗುತ್ತದೆ. ಕೂಲಿಯವರಿಗೆ ಸಂಬಳದ ಚೀಟಿ ಇರುವುದಿಲ್ಲವಾದ್ದರಿಂದ, ನಮ್ಮ ಗ್ರಾಮ ಲೆಕ್ಕಿಗರಿಗೆ ಸಮಾನರಾದ ತಲಾಠಿಗಳ ವರದಿಯ ಮೇಲೆ ತಹಸೀಲ್ದಾರರು ಕೊಡುವ ಆದಾಯ ಪ್ರಮಾಣಪತ್ರವೇ ಬಡತನಕ್ಕೆ ಸಾಕ್ಷಿ.

ಆದಾಯಕ್ಕಿಂತ ಬಿಗಿಯಾದದ್ದು ಜಾತಿ ಸಿಂಧುತ್ವ, ಅಂದರೆ ಉಪವಿಭಾಗಾಧಿಕಾರಿಗಳು ಕೊಟ್ಟ ಜಾತಿ ಪ್ರಮಾಣಪತ್ರ ನಿಜವೇ ಎಂಬುದನ್ನು ಪರಿಶೀಲನಾ ಸಮಿತಿ ಮತ್ತೊಮ್ಮೆ ಒರೆಗೆ ಹಚ್ಚುವ ಕ್ರಮ. ಬುಡಕಟ್ಟುಗಳ ವಿಷಯದಲ್ಲಿ 1950ರ ಸೆಪ್ಟೆಂಬರ್ 6ಕ್ಕೂ ಹಿಂದಿನ ದಾಖಲೆಗಳಿಗೆ ಹೆಚ್ಚಿನ ತೂಕವಿದೆ. ಆ ದಿನವೇ ಪರಿಶಿಷ್ಟ ಬುಡಕಟ್ಟುಗಳ ಮೊದಲ ಪಟ್ಟಿ ಹೊರಟಿತ್ತು. ಹೀಗಾಗಿ ಮೊಮ್ಮಗಳ ಶುಲ್ಕ ಅಜ್ಜನ ಶಾಲೆಯ ಹಳದಿಗಟ್ಟಿದ ದಾಖಲಾತಿ ಪುಸ್ತಕದ ಒಂದು ಸಾಲನ್ನು ಅವಲಂಬಿಸಬಹುದು: ಅಂದಿನ ಮೇಷ್ಟ್ರು ಜಾತಿಯ ಕಾಲಂನಲ್ಲಿ ‘ಕೋಳಿ ಮಹಾದೇವ’ ಎಂದು ಬರೆದಿದ್ದರೆ ಹಾದಿ ಸುಗಮ, ಬರಿಯ ‘ಹಿಂದೂ ಕೋಳಿ’ ಎಂದು ಬರೆದಿದ್ದರೆ ವಿಚಾರಣೆ. ಅಜ್ಜ ಶಾಲೆಯ ಮೆಟ್ಟಿಲನ್ನೇ ಹತ್ತಿರದಿದ್ದರೆ ಆ ಸಾಲೂ ಇರುವುದಿಲ್ಲ.

ಈ ಬಿಗಿಗೆ ಕಾರಣವಿದೆ. ಕುಮಾರಿ ಮಾಧುರಿ ಪಾಟೀಲ್ ಪ್ರಕರಣದಲ್ಲಿ, ಮಹಾದೇವ ಕೋಳಿ ಎಂಬ ಸುಳ್ಳು ಹಕ್ಕಿನ ಮೇಲೆ ಪಡೆದ ವೃತ್ತಿಪರ ಸೀಟಿನ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್, 1994ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿಗಳನ್ನು ವಿಧಿಸಿತು. ನಕಲಿ ಹಕ್ಕಿನಿಂದ ಸೀಟು ಕಳೆದುಕೊಳ್ಳುವವರು ನಿಜವಾದ ಬುಡಕಟ್ಟಿನ ಮಕ್ಕಳೇ ಆದ್ದರಿಂದ ಪರಿಶೀಲನೆ ಬೇಡವೆನ್ನುವುದು ಅವರಿಗೇ ಮಾಡುವ ಅನ್ಯಾಯ. ಆದರೆ ಪ್ರವೇಶಕ್ಕೆ ಕನಿಷ್ಠ ಆರು ತಿಂಗಳ ಮೊದಲೇ ಅರ್ಜಿ ಸಲ್ಲಿಸಬೇಕೆಂದೂ, ವಿಚಾರಣೆ ತಡವಾದರೆ ಪಾಲಕರ ಪ್ರಮಾಣಿತ ಹೇಳಿಕೆಯ (ಅಫಿಡವಿಟ್) ಮೇಲೆ ಷರತ್ತಿನ ಪ್ರವೇಶ ಕೊಡಬಹುದೆಂದೂ ಅದೇ ತೀರ್ಪು ಹೇಳಿದೆ. ಈ ಮಾತು ತಲುಪಬೇಕಾದ ಮನೆಗಳಿಗೆ ತಲುಪುವುದು ಕಡಿಮೆ. ರೂಢಿ, ದೈವಗಳ ಕುರಿತು ಪ್ರಶ್ನಿಸುವ ನಂಟಿನ ಪರೀಕ್ಷೆಯೊಂದೇ ಒರೆಗಲ್ಲಲ್ಲ ಎಂದು 2023ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ.

ಕರ್ನಾಟಕದಲ್ಲಿ ನಾಡಕಚೇರಿ ನೀಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ನಮೂದಿಸಿದರೆ ಎಸ್‌ಎಸ್‌ಪಿ ವಿದ್ಯಾರ್ಥಿವೇತನ ಪೋರ್ಟಲ್ ಕಂದಾಯ ಇಲಾಖೆಯ ಕಡತದಿಂದಲೇ ವಿವರ ತಾಳೆ ನೋಡುತ್ತದೆ. ಅಮೆರಿಕದಲ್ಲಿಯೂ ನೆರವು ಕೋರುವ ಕುಟುಂಬದ ಸಮ್ಮತಿಯೊಂದಿಗೆ ತೆರಿಗೆ ಇಲಾಖೆಯ ಅಂಕಿಗಳು ನೇರವಾಗಿ ಅರ್ಜಿಗೆ ಸೇರುತ್ತವೆ. ಸರ್ಕಾರವೇ ಬರೆದಿಟ್ಟದ್ದನ್ನು ಹುಡುಕಿ ತರುವ ಹೊಣೆ ಹದಿನೆಂಟರ ಮಗುವಿನದಾಗಬಾರದೆಂಬ ತಿಳಿವು ಈ ಎರಡೂ ಏರ್ಪಾಡುಗಳಲ್ಲಿದೆ.

ಮಹಾರಾಷ್ಟ್ರದಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಯ ವಿಜ್ಞಾನ ವಿದ್ಯಾರ್ಥಿಗಳು ಓದುತ್ತಿರುವ ಕಾಲೇಜಿನ ಮೂಲಕವೇ ಸಿಂಧುತ್ವಕ್ಕೆ ಅರ್ಜಿ ಹಾಕಬಹುದು. ದಿಂಡೋರಿಯ ಪಾಲಕರು ಅಜ್ಜನ ಶಾಲೆಯನ್ನು ಹುಡುಕಿ ಹೊರಡಬೇಕಾದ ಕಾಲ ಅದೇ, ಸೀಟು ಸಿಕ್ಕ ಮರುದಿನವಲ್ಲ.