ಮಕ್ಕಳ ಹಲ್ಲಿನ ಚಿಕಿತ್ಸೆ: ಸೂಜಿಯ ನೋವು, ಸೂಜಿಯ ಭಯ

ಹಲ್ಲಿನ ಚಿಕಿತ್ಸೆಗೆ ಮುನ್ನ ಒಸಡಿಗೆ ಕೊಡುವ ಅರಿವಳಿಕೆ ಚುಚ್ಚುಮದ್ದಿನ ನೋವಿಗೆ ಸೂಜಿಯ ಮೊನೆಯೊಂದೇ ಕಾರಣವಲ್ಲ. ಔಷಧವು ಬಿಗಿಯಾದ ಅಂಗಾಂಶದೊಳಗೆ ನುಗ್ಗುವಾಗಿನ ಒತ್ತಡವೂ, ಅಡ್ರಿನಲಿನ್ ಬೆರೆತ ಲಿಡೊಕೇನ್ ದ್ರಾವಣದ ಆಮ್ಲೀಯತೆ ಹುಟ್ಟಿಸುವ ಉರಿಯೂ ಅದರಲ್ಲಿ ಸೇರಿರುತ್ತವೆ. ಆದುದರಿಂದಲೇ ವೈದ್ಯರು ಒಸಡನ್ನು ಒರೆಸಿ ಒಣಗಿಸಿ, ಮೇಲ್ಪದರವನ್ನು ಜೋಮುಗಟ್ಟಿಸುವ ಜೆಲ್ ಹಚ್ಚಿ, 1ರಿಂದ 2 ನಿಮಿಷ ಕಾದು, ಅನಂತರ 1 ಮಿಲಿಲೀಟರ್ ಔಷಧಕ್ಕೆ ಸುಮಾರು 1 ನಿಮಿಷದಂತೆ ನಿಧಾನವಾಗಿ ಹರಿಸಬೇಕೆಂಬ ನಿಯಮವಿದೆ. ದುಬಾರಿ ಯಂತ್ರಗಳಿಲ್ಲದ ಸಣ್ಣ ಊರಿನ ದವಾಖಾನೆಯಲ್ಲೂ ಸಾಧ್ಯವಾಗುವ ಈ ತಾಳ್ಮೆಯನ್ನು ಅವಸರದ ನೆಪದಲ್ಲಿ ಕೈಬಿಡುವುದು ಮಗುವಿಗೆ ಮಾಡುವ ಅನ್ಯಾಯವೇ ಸರಿ.

ಚುಚ್ಚುವಾಗ ಕೆನ್ನೆಯನ್ನು ಮೆಲ್ಲಗೆ ಅಲುಗಿಸುವುದರ ಹಿಂದೆ, 1965ರಲ್ಲಿ ರೊನಾಲ್ಡ್ ಮೆಲ್‌ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರನಿಯಂತ್ರಣ ಸಿದ್ಧಾಂತವಿದೆ. ಅದರ ಪ್ರಕಾರ ಸ್ಪರ್ಶದ ಸಂಕೇತಗಳು ನೋವಿನ ಸಂಕೇತಗಳನ್ನು ಬೆನ್ನುಹುರಿಯ ಮಟ್ಟದಲ್ಲಿಯೇ ತಗ್ಗಿಸಬಲ್ಲವು.

ಭಯವು ನೋವನ್ನು ಹಿಗ್ಗಿಸುತ್ತದೆ. ಮಾಡಲಿರುವುದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಕನ್ನಡಿ, ಜೆಲ್ ಮುಂತಾದವನ್ನು ತೋರಿಸಿ, ಆಮೇಲೆ ಕೆಲಸಕ್ಕೆ ತೊಡಗುವ ‘ಹೇಳು-ತೋರಿಸು-ಮಾಡು’ ಕ್ರಮವನ್ನು ಮಕ್ಕಳ ದಂತವೈದ್ಯರು ದಶಕಗಳಿಂದ ಅನುಸರಿಸುತ್ತಿದ್ದಾರೆ. ಮನೆಯಲ್ಲಿ ಮಾತ್ರ “ಹಟ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ” ಎಂದು ಹೆದರಿಸುವ ರೂಢಿ ಇನ್ನೂ ಉಳಿದಿದ್ದು, ಅದು ಈ ಶ್ರಮವನ್ನೆಲ್ಲ ಮೊದಲೇ ಕೆಡಿಸುತ್ತದೆ; “ಒಂದಿಷ್ಟೂ ನೋಯುವುದಿಲ್ಲ” ಎಂಬ ಸುಳ್ಳು ಭರವಸೆಯೂ ಮಗುವಿನ ನಂಬಿಕೆಯನ್ನು ಕಳೆಯುತ್ತದೆ. ಚಿಕಿತ್ಸೆಯ ನಂತರ ಕೆಲವು ಗಂಟೆಗಳ ಕಾಲ ಜೋಮು ಉಳಿಯುವುದರಿಂದ, ಮಗು ತುಟಿ, ಕೆನ್ನೆಗಳನ್ನು ಅರಿಯದೆ ಕಚ್ಚಿಕೊಳ್ಳದಂತೆ ಪೋಷಕರು ನೋಡಿಕೊಳ್ಳಬೇಕಾಗುತ್ತದೆ.